ಓಬಳಪ್ಪನವರ ಪಾಲಿನ ಸೆಖೆ

ಬೆಂಗಳೂರಿನ ಹವೆಯ ಬಗ್ಗೆ ಎಲ್ಲರ ಹತ್ತಿರವೂ ಅಭಿಪ್ರಾಯವಿತ್ತು. ಓಬಳಪ್ಪನವರ ಹತ್ತಿರ ಪುಸ್ತಕವಿತ್ತು. ಒಂದಲ್ಲ, ಮೂವತ್ತೊಂದು. ವರ್ಷಕ್ಕೊಂದರಂತೆ ರಟ್ಟಿನ ಹೊದಿಕೆಯ ಉದ್ದನೆಯ ರಿಜಿಸ್ಟರುಗಳು ಮಲ್ಲೇಶ್ವರದ ಒಂದು ಕಾಲೇಜಿನ ಭೂಗೋಳ ವಿಭಾಗದ ಬೀರುವಿನಲ್ಲಿ ಸಾಲಾಗಿ ನಿಂತಿದ್ದವು. ವಿಭಾಗದಲ್ಲಿ ಅವರದು ಅಟೆಂಡರ್ ಕೆಲಸ. ಬಾಗಿಲು ತೆಗೆಯುವುದು, ನಕಾಶೆ ನೇತುಹಾಕುವುದು, ಕಾಫಿ ತರುವುದು, ಇವೆಲ್ಲ ಕೆಲಸದಲ್ಲಿ ಸೇರಿದ್ದವು. ಹಿತ್ತಲಿನ ಪೆಟ್ಟಿಗೆ ಮಾತ್ರ ಯಾವ ಆದೇಶದಲ್ಲೂ ಇರಲಿಲ್ಲ. ೧೯೯೪ರಲ್ಲಿ ಕೆಲಸಕ್ಕೆ ಸೇರಿದ ದಿನ ಆಗಿನ ಮುಖ್ಯಸ್ಥರು, 'ಬೆಳಿಗ್ಗೆ ಎಂಟೂವರೆಗೆ ಇದನ್ನ ನೋಡಿ ಬರ್ಕೊಳಪ್ಪ' ಎಂದಿದ್ದರು. ಯಾವತ್ತಿನವರೆಗೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

ನಾಲ್ಕು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ ಅದು. ಗಾಳಿಯಾಡಲೆಂದು ಸುತ್ತಲೂ ಓರೆಪಟ್ಟಿ. ಒಳಗೆ ಹಿಂದಿನ ದಿನದ ಅತಿ ಹೆಚ್ಚು ಬಿಸಿಯನ್ನು ತೋರಿಸುವುದೊಂದು ಥರ್ಮಾಮೀಟರ್, ಅತಿ ಕಡಿಮೆ ತೋರಿಸುವುದೊಂದು, ತುದಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಗಾಳಿಯ ತೇವ ತಿಳಿಸುವುದೊಂದು. ಪಕ್ಕದಲ್ಲಿ ಮಳೆ ಅಳೆಯುವ ತಾಮ್ರದ ಡಬ್ಬ. ಓಬಳಪ್ಪನವರು ಚಾಮರಾಜಪೇಟೆಯಿಂದ ಮೊದಲು ಬಸ್ಸಿನಲ್ಲಿ, ಈಚೆಗೆ ಮಾರ್ಕೆಟ್ಟಿನವರೆಗೆ ನಡೆದು ಅಲ್ಲಿಂದ ಮೆಟ್ರೊದಲ್ಲಿ ಬಂದು ಭಾನುವಾರವೂ ಬಿಡದೆ ಬರೆದುಕೊಂಡರು. ಮಗಳ ಮದುವೆಯ ದಿನ ಛತ್ರದಿಂದ ಬಂದು ಹೋಗಿದ್ದರು. ಆ ದಿನದ ಸಾಲಿನ ಕೊನೆಯ ಷರಾ ಕಾಲಮ್ಮಿನಲ್ಲಿ 'ಮಗಳ ಮದುವೆ. ನಲವತ್ತು ನಿಮಿಷ ತಡ' ಎಂದಿದೆ. ಲಾಕ್‌ಡೌನಿನಲ್ಲಿ ಪೊಲೀಸರು ತಡೆದು ಎಲ್ಲಿಗೆ ಎಂದಾಗ, 'ಟೆಂಪರೇಚರ್ ನೋಡೋಕೆ ಸಾರ್' ಎಂದರಂತೆ. ಪೊಲೀಸಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದು ದಾರಿ ಬಿಟ್ಟನಂತೆ.

ಹೀಗೆ ಮೂವತ್ತೊಂದು ವರ್ಷ ಬರೆದವರಿಗೆ ಊರಿನ ಗುಣ ಗೊತ್ತಾಗದೆ ಇರುವುದಿಲ್ಲ. ಜನವರಿಯಲ್ಲಿ ಹದಿನಾರು ಡಿಗ್ರಿಗೆ ಇಡೀ ಮಲ್ಲೇಶ್ವರ ಮಂಕಿ ಕ್ಯಾಪಿನೊಳಗೆ ಹೊಕ್ಕು, ಹಿಮಾಲಯದಲ್ಲಿ ಸಿಕ್ಕಿಬಿದ್ದವರ ಹಾಗೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತದೆ. ಮಾರ್ಚಿನಲ್ಲಿ ಅದೇ ಜನ ಅದೇ ಕಟ್ಟೆಯ ಮೇಲೆ ಕೂತು ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಾರೆ. ಏಪ್ರಿಲ್ ಕೊನೆಗೆ ಒಂದು ಸಂಜೆ ಗುಡುಗಿ ಆಲಿಕಲ್ಲು ಬಿದ್ದು, ಯಾರದೋ ಕಾರಿನ ಮೇಲೆ ಕೊಂಬೆ ಮುರಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆರಡು ಮಿಲಿಮೀಟರ್ ಜಿಟಿಜಿಟಿ, ಅಳತೆಯಲ್ಲಿ ಏನೂ ಅಲ್ಲ, ಆದರೆ ಒಗೆದ ಪ್ಯಾಂಟು ನಾಲ್ಕು ದಿನವಾದರೂ ಒಣಗುವುದಿಲ್ಲ. ಅಕ್ಟೋಬರಿನಲ್ಲಿ ಒಂದೇ ರಾತ್ರಿ ಎಂಬತ್ತು ಮಿಲಿಮೀಟರ್ ಸುರಿದು ಬೆಳಿಗ್ಗೆ ಏನೂ ಗೊತ್ತಿಲ್ಲದಂತೆ ಬಿಸಿಲು. ನವೆಂಬರಿನಲ್ಲಿ ಚಂಡಮಾರುತ ಬರುವುದು ಚೆನ್ನೈಗೆ, ಮೋಡ ಮುಚ್ಚಿ ನೆಗಡಿ ಬರುವುದು ಇಲ್ಲಿಗೆ. ಪ್ರತಿಯೊಂದಕ್ಕೂ ಜನ ಹೇಳುವ ಮಾತು ಒಂದೇ: 'ಈ ಸಲದ ಥರ ಯಾವತ್ತೂ ಇರ್ಲಿಲ್ಲ.'

ಓಬಳಪ್ಪನವರು ಬೀರು ತೆಗೆದು ನೋಡುತ್ತಿದ್ದರು. ಸಾಮಾನ್ಯವಾಗಿ ಇದ್ದೇ ಇರುತ್ತಿತ್ತು. ವಿಭಾಗದ ಮುಖ್ಯಸ್ಥರಾದ ವಾದಿರಾಜರು ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು, 'ನಾವು ಕೆಲಸಕ್ಕೆ ಸೇರಿದಾಗ ಫ್ಯಾನೇ ಬೇಕಿರ್ಲಿಲ್ಲ ಕಣ್ರೀ' ಎಂದರೆ, 'ತೊಂಬತ್ತಾರು, ಏಪ್ರಿಲ್ ಹದಿನೇಳು, ಮೂವತ್ತೈದು ಪಾಯಿಂಟ್ ಎರಡು ಸರ್' ಎನ್ನುತ್ತಿದ್ದರು. ಪುಸ್ತಕ ಇಟ್ಟುಕೊಂಡವನನ್ನು ಯಾರೂ ಅಷ್ಟಾಗಿ ಇಷ್ಟಪಡುವುದಿಲ್ಲ. ಓಬಳಪ್ಪನವರಿಗೆ ಅದು ಬೇಕಾಗಿಯೂ ಇರಲಿಲ್ಲ. ಕಾಲೇಜಿನಲ್ಲಿ ಅವರ ಕೈಬರಹಕ್ಕೆ ಬೆಲೆಯಿದ್ದ ಜಾಗ ಅದೊಂದೇ, ಅಷ್ಟು ಅವರಿಗೆ ಸಾಕಾಗಿತ್ತು.

ಆ ಬೆಲೆ ನಿಜವಾಗಿ ಸಿಕ್ಕಿದ್ದು ವಿನುತಾ ಮೇಡಂ ಬಂದ ಮೇಲೆ. ಮೂರು ವರ್ಷದ ಹಿಂದೆ ಅಧ್ಯಾಪಕಿಯಾಗಿ ಕೆಲಸಕ್ಕೆ ಸೇರಿದ ಈ ಹುಡುಗಿ ಬೀರು ತೆಗೆದು, ಮೊದಲ ಪುಸ್ತಕದ ಮೊದಲ ಪುಟ ನೋಡಿ, ನೆಲದ ಮೇಲೆ ಕೂತುಬಿಟ್ಟಳು. ಬೆಂಗಳೂರಿನ ವರ್ಷಪೂರ್ತಿ ಹವೆ ಹೇಗೆ ಬದಲಾಗಿದೆ ಎಂಬುದೇ ಅವಳ ಪಿಎಚ್‌ಡಿ. ಮೂವತ್ತು ವರ್ಷದ ಅಂಕಿಗಳನ್ನು ಎರಡು ವರ್ಷ ಕೂತು ಕಂಪ್ಯೂಟರಿಗೆ ಏರಿಸಿದಳು. ಓಬಳಪ್ಪನವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಓದಿ ಹೇಳಿದರು. ಷರಾ ಕಾಲಂ ಬಂದಾಗ ಅವಳು, 'ಅದು ಬೇಡ ಓಬಳಪ್ಪನವ್ರೇ, ಅದು ಡೇಟಾ ಅಲ್ಲ' ಎಂದಳು. ಅವರಿಗೆ ಸ್ವಲ್ಪ ಬೇಜಾರಾಯಿತು, ಆದರೆ ಪಿಎಚ್‌ಡಿ ಅವಳದು.

ಈ ವರ್ಷ ಏಪ್ರಿಲ್ ಮೊದಲ ವಾರ ವಿಭಾಗದಲ್ಲಿ ಸೆಮಿನಾರ್ ಇಟ್ಟಿದ್ದರು. ಥೀಸಿಸ್ ಕೊಡುವ ಮೊದಲು ಎಲ್ಲರೆದುರು ಒಮ್ಮೆ ಹೇಳಬೇಕು ಎಂದು ನಿಯಮ. ಓಬಳಪ್ಪನವರು ಕಾಫಿ ಕೊಟ್ಟು ಹಿಂದೆ ಗೋಡೆಗೊರಗಿ ನಿಂತರು. ಅವರ ನಿವೃತ್ತಿಗೆ ಎರಡೇ ತಿಂಗಳು ಬಾಕಿ.

ವಿನುತಾ ಪರದೆಯ ಮೇಲೆ ಮೊದಲು ಪೆಟ್ಟಿಗೆಯ ಚಿತ್ರ ಹಾಕಿ, ಬಿಳಿ ಬಣ್ಣ ಯಾಕೆಂದು ವಿವರಿಸಿದಳು. ಬಿಸಿಲು ಬಿದ್ದರೂ ಬಿಳಿ ಅದನ್ನು ವಾಪಸು ಕಳಿಸುತ್ತದೆ, ಒಳಗಿನ ಥರ್ಮಾಮೀಟರಿಗೆ ಗಾಳಿಯ ಬಿಸಿ ಮಾತ್ರ ತಗಲುತ್ತದೆ, ಬೇರೆ ಬಣ್ಣವಾದರೆ ಪೆಟ್ಟಿಗೆಯೇ ಕಾದು ಅಂಕಿ ಸುಳ್ಳಾಗುತ್ತದೆ ಎಂದಳು. ಆಮೇಲೆ ಮೂವತ್ತು ವರ್ಷದ ಗೆರೆ ಬಂತು. ಗೆರೆ ಮೆಲ್ಲಗೆ ಬಂದು ೨೦೦೯ರ ಅಕ್ಟೋಬರಿನಲ್ಲಿ ಒಂದು ಮೆಟ್ಟಿಲು ಹತ್ತಿತು. ಹನ್ನೆರಡು ವರ್ಷ ಅಲ್ಲೇ ಮೇಲೆ ನಡೆದು, ೨೦೨೧ರ ಅಕ್ಟೋಬರಿನಲ್ಲಿ ಒಂದು ಮೆಟ್ಟಿಲು ಇಳಿಯಿತು. ಹತ್ತಿದ್ದಕ್ಕೆ ಅವಳು ಸುತ್ತಮುತ್ತ ಮೆಟ್ರೊ ಕೆಲಸಕ್ಕೆ ಮರ ಕಡಿದದ್ದನ್ನು ಕಾರಣ ಕೊಟ್ಟಳು. ಇಳಿದದ್ದಕ್ಕೆ ಲಾಕ್‌ಡೌನಿನ ನಂತರ ಜನ ಮನೆಯಿಂದಲೇ ಕೆಲಸ ಮಾಡಿ ವಾಹನ ಕಡಿಮೆಯಾದದ್ದನ್ನು ಕಾರಣ ಕೊಟ್ಟಳು. ನಾಲ್ಕನೇ ಅಧ್ಯಾಯ ಪೂರ್ತಿ ಇದೇ. ವಾದಿರಾಜರು 'ಬಹಳ ಅಪರೂಪದ ಸಂಶೋಧನೆ' ಎಂದರು. ಎಲ್ಲರೂ ಬಿಸ್ಕತ್ತು ತೆಗೆದುಕೊಂಡರು.

ಗೋಡೆಗೊರಗಿ ನಿಂತ ಓಬಳಪ್ಪನವರು ತೆಗೆದುಕೊಳ್ಳಲಿಲ್ಲ. ಆ ಎರಡು ಮೆಟ್ಟಿಲು ಎಲ್ಲಿಂದ ಬಂದವೆಂದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಆಗಿದ್ದು ಇಷ್ಟು. ಓಬಳಪ್ಪನವರು ೨೦೦೬ರಲ್ಲಿ ಹೆಂಡತಿಯ ಜೊತೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದರು. ಅಲ್ಲಿಂದ ಪೂಜೆ ಪುನಸ್ಕಾರ ಬಿಟ್ಟರು. ಆದರೆ ಕಾಲೇಜಿನಲ್ಲಿ ಆಯುಧಪೂಜೆ ಬಿಡುತ್ತದೆಯೇ? ನವರಾತ್ರಿಯಲ್ಲಿ ಪ್ರತಿ ವಿಭಾಗವೂ ಇದ್ದಬದ್ದ ಯಂತ್ರವನ್ನೆಲ್ಲ ತೊಳೆದು ಕುಂಕುಮ ಇಟ್ಟು, ನಿಂಬೆಹಣ್ಣು ಒತ್ತಿ, ಮಂಡಕ್ಕಿ ಹಂಚಬೇಕು. ೨೦೦೯ರಲ್ಲಿ ಆಗ ಬರೀ ಅಧ್ಯಾಪಕರಾಗಿದ್ದ ವಾದಿರಾಜರು ಗ್ಲೋಬಿನ ನೆತ್ತಿಗೆ ಕುಂಕುಮ ಹಚ್ಚಿ ಉತ್ತರ ಧ್ರುವ ಕಾಣದಂತೆ ಮಾಡಿದ್ದರು. ಓಬಳಪ್ಪನವರು, 'ಪೂಜೆಗೆ ನಾನಿಲ್ಲ ಸರ್. ಬೇರೆ ಕೆಲ್ಸ ಇದ್ರೆ ಹೇಳಿ, ಮಾಡ್ತೀನಿ' ಎಂದರು. ವಾದಿರಾಜರು ಕೆಟ್ಟವರಲ್ಲ. 'ಆಯ್ತು ಬಿಡಿ, ನಿಮ್ಮ ಪೆಟ್ಟಿಗೆಗೆ ನಾವು ಕುಂಕುಮ ಇಡಲ್ಲ. ಬಣ್ಣ ಹೋಗಿದೆ, ಬಣ್ಣ ಹೊಡೀರಿ' ಎಂದರು. ಪ್ರಿನ್ಸಿಪಾಲರ ಕಾರ್ ಶೆಡ್ಡಿನ ಬಾಗಿಲಿಗೆ ತಂದಿದ್ದ ಹಸಿರು ಪೇಂಟು ಅರ್ಧ ಡಬ್ಬ ಉಳಿದಿತ್ತು. ಗಾಢ ಹಸಿರು. ಓಬಳಪ್ಪನವರು ಎರಡು ಕೋಟು ಹೊಡೆದರು. ಎಲ್ಲ ಕೋಣೆಗಳಲ್ಲಿ ಮಂಗಳಾರತಿ ಆಗುವಾಗ ಅವರು ಹಿತ್ತಲಿನಲ್ಲಿ ಒಬ್ಬರೇ ಬ್ರಷ್ಷು ಹಿಡಿದು, ತಮ್ಮ ನಂಬಿಕೆಯನ್ನೂ ಸಂಬಳವನ್ನೂ ಒಟ್ಟಿಗೆ ಉಳಿಸಿಕೊಂಡ ಸಮಾಧಾನದಲ್ಲಿದ್ದರು.

ಹನ್ನೆರಡು ವರ್ಷ ಪೆಟ್ಟಿಗೆ ಹಸಿರಾಗಿತ್ತು. ಪ್ರತಿ ವರ್ಷ ವಿದ್ಯಾರ್ಥಿಗಳು ಅದರ ಮುಂದೆ ನಿಂತು ಚಿತ್ರ ಬರೆದು, ಕೆಳಗೆ 'ಬಿಳಿ ಬಣ್ಣದ ಪೆಟ್ಟಿಗೆ' ಎಂದು ಬರೆದರು, ಯಾಕೆಂದರೆ ಗೈಡಿನಲ್ಲಿ ಹಾಗಿತ್ತು. ಅಧ್ಯಾಪಕರು ಸರಿ ಗುರುತು ಹಾಕಿದರು. ಅಧ್ಯಾಪಕರಲ್ಲಿ ಯಾರೂ ಹಿತ್ತಲಿಗೆ ಬಂದು ನೋಡುತ್ತಿರಲಿಲ್ಲ. ೨೦೨೧ರಲ್ಲಿ ಯಾವುದೋ ಕಮಿಟಿ ಬರುತ್ತದೆಂದು ಕಂಟ್ರಾಕ್ಟರನ ಕಡೆಯವರು ಮರದ ಬುಡ, ಹೂಕುಂಡ, ಕಲ್ಲುಬೆಂಚು ಎಲ್ಲಕ್ಕೂ ಬಿಳಿ ಬಳಿಯುತ್ತ ಬಂದು ಪೆಟ್ಟಿಗೆಗೂ ಬಳಿದು ಹೋದರು. ಮುಂದಿನ ವರ್ಷ ವಿನುತಾ ಬಂದಾಗ ಅವಳು ನೋಡಿದ್ದು ಪಾಠದಲ್ಲಿರುವಂಥ ಅಚ್ಚ ಬಿಳಿ ಪೆಟ್ಟಿಗೆಯನ್ನು.

ಆ ಸಂಜೆ ಓಬಳಪ್ಪನವರು ಮನೆಗೆ ಹೋಗಿ ಊಟ ಬೇಡ ಎಂದರು. ಹೆಂಡತಿ ನರಸಮ್ಮ ಮೂವತ್ತು ವರ್ಷ ಅಂಗನವಾಡಿ ನಡೆಸಿದವರು; ತಪ್ಪು ಮಾಡಿ ಬಂದ ಮುಖ ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿಸಿಕೊಂಡರು.

'ಹೇಳ್ದೆ ಇದ್ರೆ ಏನಾಗತ್ತೆ?' ಎಂದರು.

'ಮೇಡಂಗೆ ಡಾಕ್ಟ್ರೇಟ್ ಬರತ್ತೆ. ನನಗೆ ಶಾಲು ಬರತ್ತೆ.'

'ಹೇಳಿದ್ರೆ?'

'ಹನ್ನೆರಡು ವರ್ಷದ ಪುಸ್ತಕ ಕಸಕ್ಕೆ.'

ನರಸಮ್ಮ ಮದುವೆ ಕಾಗದವೊಂದನ್ನು ತೆಗೆದುಕೊಂಡು ಗಾಳಿ ಹಾಕಿಕೊಂಡರು. 'ಹನ್ನೆರಡು ವರ್ಷ ಒಂದಿನಾನೂ ನನ್ ಜೊತೆ ಬೆಳಿಗ್ಗೆ ತಿಂಡಿ ತಿಂದಿಲ್ಲ ನೀವು' ಎಂದರು. ಕಾಗದ ಕೆಳಗಿಟ್ಟು, 'ಆದ್ರೂ ಹೇಳ್ಬಿಡಿ. ಇಲ್ಲಾಂದ್ರೆ ರಿಟೈರ್ ಆದ್ಮೇಲೆ ಇಡೀ ದಿನ ಈ ಮುಖ ನಾನು ನೋಡ್ಬೇಕಾಗತ್ತೆ' ಎಂದರು.

ಮಾರನೆಯ ದಿನ ಎಂಟೂವರೆಯ ಅಂಕಿ ಬರೆದು ಮುಗಿಸಿ, ೨೦೦೯ರ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಓಬಳಪ್ಪನವರು ವಿನುತಾಳ ಮೇಜಿನ ಮುಂದೆ ನಿಂತರು. ಆಯುಧಪೂಜೆಯ ದಿನದ ಷರಾ ತೋರಿಸಿದರು. 'ಪೆಟ್ಟಿಗೆಗೆ ಬಣ್ಣ ಹೊಡೆದೆ' ಎಂದು ಅವರದೇ ಅಕ್ಷರದಲ್ಲಿತ್ತು.

'ಬಣ್ಣ ಅಂದ್ರೆ ಬಿಳೀ ತಾನೇ?' ಎಂದಳು ವಿನುತಾ.

'ಹಸಿರು ಮೇಡಂ. ಪ್ರಿನ್ಸಿಪಾಲ್ರ ಶೆಡ್ ಬಾಗ್ಲಿಂದು.'

ವಿನುತಾ ಪುಸ್ತಕವನ್ನು ನೋಡಿದಳು, ಕಂಪ್ಯೂಟರನ್ನು ನೋಡಿದಳು, ಕಿಟಕಿಯ ಹೊರಗೆ ನೋಡಿದಳು. ಬೈದಿದ್ದರೆ ಓಬಳಪ್ಪನವರಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಬೆರಳಿನಲ್ಲಿ ಲೆಕ್ಕ ಹಾಕಿ, 'ನಾಲ್ಕು ಸಾವಿರದ ಮುನ್ನೂರ ಎಂಬತ್ತಮೂರು ದಿನ' ಎಂದಳು. ಆಮೇಲೆ, 'ನಾನು ಮೆಟ್ರೊ ಅಂತ ಬರ್ದಿದೀನಿ' ಎಂದಳು. ಕೊನೆಗೆ, 'ಷರಾ ನಾನೇ ಬೇಡ ಅಂದೆ ಅಲ್ವಾ' ಎಂದಳು.

ಸುದ್ದಿ ತಿಳಿದ ವಾದಿರಾಜರು ಒಳಗೆ ಬಂದು ಬಾಗಿಲು ಹಾಕಿಕೊಂಡರು. ಬಣ್ಣ ಹೊಡೀರಿ ಎಂದವರು ತಾವೇ ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. 'ಓಬಳಪ್ಪ, ರಿಟೈರ್ ಆಗೋ ಟೈಮಲ್ಲಿ ಇದೆಲ್ಲ ಯಾಕ್ರೀ ಬೇಕಿತ್ತು? ನಿಮ್ಮ ಸನ್ಮಾನ ಪತ್ರ ಆಗ್ಲೇ ಪ್ರಿಂಟಿಗೆ ಹೋಗಿದೆ. ಹವಾಮಾನದ ತಪಸ್ವಿ ಅಂತ ಹಾಕ್ಸಿದೀನಿ' ಎಂದರು. ವಿನುತಾ ಕಡೆ ತಿರುಗಿ, 'ಹನ್ನೆರಡು ವರ್ಷ ತೆಗೆದುಹಾಕಮ್ಮ, ಯಾರು ಕೇಳ್ತಾರೆ' ಎಂದರು.

'ತೆಗೀಬೋದು ಸರ್' ಎಂದಳು ವಿನುತಾ. 'ಇಲ್ಲಾ ಅಂದ್ರೆ ಹಸಿರು ಬಣ್ಣದಿಂದ ಎಷ್ಟು ಜಾಸ್ತಿ ತೋರಿಸ್ತಿತ್ತು ಅಂತ ಅಳೀಬೋದು. ಅಷ್ಟನ್ನ ಕಳೆದ್ರೆ ಹನ್ನೆರಡು ವರ್ಷ ಉಳ್ಕೊಳತ್ತೆ. ಅದಕ್ಕೆ ಬಿಳಿ ಪೆಟ್ಟಿಗೆ ಪಕ್ಕ ಅಂಥದ್ದೇ ಒಂದು ಹಸಿರು ಪೆಟ್ಟಿಗೆ ಬೇಕು.'

ಅಂಥದ್ದೇ ಪೆಟ್ಟಿಗೆ ಇತ್ತು. ಬಹಳ ವರ್ಷದ ಹಿಂದೆ ಎರಡು ತರಿಸಿದ್ದರು. ಎರಡನೆಯದನ್ನು ಪ್ರಾಣಿಶಾಸ್ತ್ರದವರು ಕೇಳಿ ಪಡೆದು ಅದರಲ್ಲಿ ಮೊಲ ಸಾಕಿದ್ದರು. ಮೊಲಗಳು ತೀರಿಕೊಂಡು ಯಾವ ಕಾಲವಾಗಿತ್ತೋ, ಪೆಟ್ಟಿಗೆ ಮಾತ್ರ ಅವರ ದಾಸ್ತಾನಿನಲ್ಲಿ ಮೊಲದ ಮನೆ ಎಂದೇ ಇತ್ತು. ಅದನ್ನು ಬಿಡಿಸಿಕೊಂಡು ಬರಲು ಮೂರು ಪತ್ರ ಬೇಕಾಯಿತು. ಓಬಳಪ್ಪನವರು ತಿಕ್ಕಿ ತೊಳೆದು, ಎಂಟನೇ ಕ್ರಾಸಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಅದೇ ಗಾಢ ಹಸಿರು ಹುಡುಕಿ ತಂದು, ಮತ್ತೆ ಎರಡು ಕೋಟು ಹೊಡೆದರು. ಒಮ್ಮೆ ಗೊತ್ತಿಲ್ಲದೆ ಮಾಡಿದ ತಪ್ಪನ್ನು ಈ ಸಲ ಗೊತ್ತಿದ್ದು ಅಷ್ಟೇ ಅಚ್ಚುಕಟ್ಟಾಗಿ ಮಾಡಬೇಕಿತ್ತು. ಹೊಸ ಥರ್ಮಾಮೀಟರನ್ನೂ ಹಳೆಯದನ್ನೂ ಮೂರು ದಿನ ಒಂದೇ ಪೆಟ್ಟಿಗೆಯಲ್ಲಿಟ್ಟು, ಎರಡೂ ಒಂದೇ ಮಾತು ಹೇಳುತ್ತವೆಂದು ಖಾತ್ರಿ ಮಾಡಿಕೊಂಡರು. ಏಪ್ರಿಲ್ ಹದಿನೈದರಿಂದ ದಿನವೂ ಎರಡು ಅಂಕಿ.

ಮೊದಲ ದಿನವೇ ಹಸಿರು ಪೆಟ್ಟಿಗೆ ಒಂದೂಕಾಲು ಡಿಗ್ರಿ ಮೇಲಿತ್ತು. ಎರಡನೆಯ ದಿನವೂ ಹೆಚ್ಚುಕಮ್ಮಿ ಅಷ್ಟೇ. ತಮ್ಮ ತಪ್ಪು ಹೀಗೆ ಕಣ್ಣೆದುರಿಗೆ ಬಿಸಿಲಲ್ಲಿ ನಿಂತಿರುವಾಗ ಓಬಳಪ್ಪನವರಿಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಬೇರೆ. ನಾಲ್ಕೈದು ದಿನ ಕಳೆದ ಮೇಲೆ ಅವರೊಳಗೆ ಒಂದು ಹುಚ್ಚು ಖುಷಿ ಶುರುವಾಯಿತು. ಊರು ಬಿಸಿಯಾಗಿದೆ, ಬೆಂಗಳೂರು ಹಾಳಾಯಿತು ಎಂದು ಜನ ಹೇಳುವುದೆಲ್ಲ, ಯಾರಿಗೆ ಗೊತ್ತು, ಇಷ್ಟೇ ಇರಬಹುದಲ್ಲ? ಅರ್ಧ ಡಬ್ಬ ಪೇಂಟು. ಅಂಕಿ ಏರಿದ್ದು ಪೂರ್ತಿ ತಮ್ಮಿಂದಲೇ ಆಗಿದ್ದರೆ, ಊರು ಮೊದಲಿನ ಹಾಗೇ ಇದೆ ಎಂದಾಯಿತಲ್ಲ. ಸಂಪಿಗೆ ರಸ್ತೆಯಲ್ಲಿ ಕೊಡೆ ಹಿಡಿದು ಬೆವರುತ್ತ ಹೋಗುವವರನ್ನು ನಿಲ್ಲಿಸಿ, ಹೆದರಬೇಡಿ, ಅದು ನಾನು ಮಾಡಿದ್ದು ಎಂದು ಹೇಳಬೇಕೆನಿಸುತ್ತಿತ್ತು. ಬಯ್ಯಲಿ, ಶಾಲು ಕೊಡದಿರಲಿ. ತಪ್ಪು ತಮ್ಮದೇ ಆಗಿರಲಿ ಎಂದು ಅವರು ಜೀವಮಾನದಲ್ಲಿ ಮೊದಲ ಸಲ ಮನಸಾರೆ ಬಯಸಿದರು.

ಮನೆಯಲ್ಲಿಯೂ ಹೇಳಿದರು. 'ಸೆಖೆ ಅಷ್ಟೊಂದೇನೂ ಜಾಸ್ತಿ ಆಗಿಲ್ಲ ಕಣೆ. ಪೇಂಟಿಂದು ಅದು.'

'ನಮ್ಮನೇಗೆ ಸುಣ್ಣ ಹೊಡೆದಿದೀವಿ' ಎಂದರು ನರಸಮ್ಮ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ.

ಮೇ ತಿಂಗಳಲ್ಲಿ ಗುಡುಗಿನ ಮಳೆ ಬಂತು, ಹೋಯಿತು. ಮಳೆ ಬಂದ ಮಾರನೆಯ ದಿನ ಒದ್ದೆ ಬಟ್ಟೆಯ ಥರ್ಮಾಮೀಟರ್ ಮೇಲಕ್ಕೇರಿ, ಗಾಳಿಯೇ ಬೆವರಿದಂತೆ ಅಂಟಂಟಾಯಿತು. ಓಬಳಪ್ಪನವರು ಎರಡು ಪೆಟ್ಟಿಗೆಯ ಮುಂದೆ ಎಂಟೂವರೆಗೆ ತಪ್ಪದೆ ನಿಂತರು. ಇಪ್ಪತ್ತೈದನೇ ತಾರೀಖಿಗೆ ನಲವತ್ತೊಂದು ದಿನವಾಯಿತು. ಮಾರನೆಯ ದಿನ ವಿನುತಾ ಅವರನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದಳು.

'ಹನ್ನೆರಡು ವರ್ಷ ಉಳೀತು ಓಬಳಪ್ಪನವ್ರೇ' ಎಂದಳು. 'ಹಸಿರಿಂದು ಒಂದು ಪಾಯಿಂಟ್ ಎರಡು ಡಿಗ್ರಿ. ಅದನ್ನ ಕಳೆದು ಹಾಕಿದೀನಿ, ಕೆಳಗಡೆ ನಿಮ್ಮ ಹೆಸರು ಹಾಕಿ ವಿವರಣೆ ಬರ್ದಿದೀನಿ. ಷರಾ ಕಾಲಂ ಪೂರ್ತಿ ಟೈಪ್ ಮಾಡ್ತಿದೀನಿ ಈಗ.'

ಪರದೆಯ ಮೇಲೆ ಹೊಸ ಗೆರೆ ಇತ್ತು. ಹತ್ತುವ ಮೆಟ್ಟಿಲೂ ಇಲ್ಲ, ಇಳಿಯುವ ಮೆಟ್ಟಿಲೂ ಇಲ್ಲ. ಓಬಳಪ್ಪನವರು ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿದರು.

'ಹಂಗಾದ್ರೆ ಸರಿಹೋಯ್ತಾ ಮೇಡಂ? ಮೊದಲಿನ ಹಾಗೇ ಇದೆಯಾ?'

ವಿನುತಾ ಗೆರೆಯ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಮೆಲ್ಲಗೆ ಎಳೆದಳು. ಬೆರಳು ಎಲ್ಲೂ ಎಡವದೆ ಏರುತ್ತ ಹೋಯಿತು. 'ಇಲ್ಲ. ನಿಮ್ಮದು ತೆಗೆದ್ಮೇಲೂ ಮೊದಲ ಪುಸ್ತಕದಿಂದ ಈ ಪುಸ್ತಕಕ್ಕೆ ಒಂದು ಪಾಯಿಂಟ್ ಒಂದು ಏರಿದೆ. ಮೊದ್ಲು ನಿಮ್ಮ ಮೆಟ್ಟಿಲು ಅಡ್ಡ ಇತ್ತು, ಇದು ಕಾಣ್ತಿರ್ಲಿಲ್ಲ.'

 ಓಬಳಪ್ಪನವರಿಗೆ ಪುಸ್ತಕ ಉಳಿದ ಸಂತೋಷ ಒಂದು ಕಡೆ ಇತ್ತು, ಅದು ಸಣ್ಣದಲ್ಲ. ಆದರೆ ಆ ಒಂದು ಪಾಯಿಂಟ್ ಒಂದು ಅವರ ಎದೆಯ ಮೇಲೆ ಕೂತುಬಿಟ್ಟಿತು. ತಮ್ಮದಾಗಿದ್ದರೆ ಬಿಳಿ ಪೇಂಟು ತಂದು ಮುಗಿಸಿಬಿಡುತ್ತಿದ್ದರು.

ಮೇ ಮೂವತ್ತೊಂದರ ಶನಿವಾರ ಬೀಳ್ಕೊಡುಗೆ. ಸಭಾಂಗಣದಲ್ಲಿ ಇಡೀ ಕಾಲೇಜಿನ ಸಿಬ್ಬಂದಿ, ಮೊದಲ ಸಾಲಿನಲ್ಲಿ ನರಸಮ್ಮ. ಓಬಳಪ್ಪನವರ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಹಿಂದಿನ ದಿನದ ಅತಿ ಹೆಚ್ಚು ಎಷ್ಟೆಂದು ಅವರು ಬೆಳಿಗ್ಗೆಯೇ ಬರೆದುಕೊಂಡಿದ್ದರು, ಇವತ್ತಿನದು ಪೇಟದೊಳಗೇ ಗೊತ್ತಾಗುತ್ತಿತ್ತು. ಪ್ರಿನ್ಸಿಪಾಲರು ಭಾಷಣದಲ್ಲಿ ನಮ್ಮ ಬೆಂಗಳೂರಿನ ಹಿತವಾದ ಹವೆಯ ಬಗ್ಗೆ ಎರಡು ನಿಮಿಷ ಮಾತಾಡಿ, ಸಭಾಂಗಣಕ್ಕೆ ಬರುವ ವರ್ಷ ಏಸಿ ಹಾಕಿಸುವುದಾಗಿಯೂ, ಹಿತ್ತಲಿನ ಮೂರು ಮರ ತೆಗೆಸಿ ಕಾರು ನಿಲ್ಲಿಸಲು ಜಾಗ ಮಾಡಿಸುವುದಾಗಿಯೂ ಘೋಷಿಸಿದರು. ವಾದಿರಾಜರು ಸನ್ಮಾನ ಪತ್ರ ಓದಿದರು. ಕೊನೆಗೆ ಓಬಳಪ್ಪನವರಿಗೆ ಎರಡು ಮಾತಾಡಿ ಎಂದರು.

ಅವರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

'ಎಲ್ರಿಗೂ ನಮಸ್ಕಾರ. ನಾನು ತಪಸ್ವಿ ಏನಲ್ಲ, ಒಂದು ತಪ್ಪು ಮಾಡಿದೀನಿ. ಈ ಮೂವತ್ತೊಂದು ವರ್ಷದಲ್ಲಿ ಒಂದು ಪಾಯಿಂಟ್ ಎರಡು ಡಿಗ್ರಿ ಜಾಸ್ತಿ ತೋರಿಸಿದ್ದು ನಂದು. ಒಪ್ಕೊಂಡಿದೀನಿ, ಮೇಡಂ ಅದನ್ನ ಕಳೆದಿದಾರೆ. ಇನ್ನೂ ಒಂದು ಪಾಯಿಂಟ್ ಒಂದು ಉಳ್ಕೊಂಡಿದೆ. ಅದು ನಂದಲ್ಲ. ಯಾರ್ದು ಅಂತ ಗೊತ್ತಾಗಿಲ್ಲ. ಇಲ್ಲಿರೋರಲ್ಲಿ ಯಾರ್ದಾದ್ರೂ ಸ್ವಲ್ಪ ಇದ್ರೆ ಬಂದು ಹೇಳ್ಬಿಡಿ. ಮೇಡಂ ಬಯ್ಯಲ್ಲ. ಥೀಸಿಸ್ ಕೊಡೋಕೆ ಜುಲೈವರೆಗೂ ಟೈಮ್ ಇದೆ. ನಾನು ಇವತ್ತು ಐದೂವರೆ ತನಕ ಹೊರಗಡೆ ಬೆಂಚಲ್ಲೇ ಇರ್ತೀನಿ.'

ಸಭೆ ಗೊಳ್ಳೆಂದು ನಕ್ಕಿತು. ಓಬಳಪ್ಪ ಇಷ್ಟು ತಮಾಷೆಯವರೆಂದು ಗೊತ್ತೇ ಇರಲಿಲ್ಲ ಎಂದು ಪ್ರಿನ್ಸಿಪಾಲರು ಪಕ್ಕದವರಿಗೆ ಹೇಳಿದರು. ಜೋರಾಗಿ ಚಪ್ಪಾಳೆ ಬಿತ್ತು.

ಊಟವಾದ ಮೇಲೆ ಓಬಳಪ್ಪನವರು ಪೇಟ, ಶಾಲು ಯಾವುದನ್ನೂ ತೆಗೆಯದೆ ಕಾರಿಡಾರಿನ ಬೆಂಚಿನ ಮೇಲೆ ಕೂತರು. ತೊಡೆಯ ಮೇಲೆ ಒಂದು ಹಾಳೆ, ಪೆನ್ನು. ಒಂದು ಕಡೆ ನರಸಮ್ಮ, ಇನ್ನೊಂದು ಕಡೆ ವಿನುತಾ. ಎದುರಿಗೆ ಕಾರುಗಳು ಒಂದೊಂದಾಗಿ ಕಿಟಕಿ ಏರಿಸಿಕೊಂಡು ಹೊರಟವು. ಪ್ರಿನ್ಸಿಪಾಲರು ಒಳಗಿನಿಂದಲೇ ಕೈ ಮುಗಿದರು. ವಾದಿರಾಜರು ಸ್ಕೂಟರ್ ತಳ್ಳಿಕೊಂಡು ಹತ್ತಿರದವರೆಗೂ ಬಂದು, ಏನೋ ಹೇಳುವವರ ಹಾಗೆ ನಿಂತು, 'ಮಳೆ ಬರಬೋದಾ?' ಎಂದು ಕೇಳಿದರು. ಬರುತ್ತದೆ ಸರ್ ಎಂದರು ಓಬಳಪ್ಪನವರು. ವಾದಿರಾಜರೂ ಹೋದರು.

ಐದೂವರೆಗೆ ಕಾವಲಿನವನು ಗೇಟು ಹಾಕಲು ಬೀಗ ಹಿಡಿದು ಬಂದ. ಹಾಳೆ ಖಾಲಿಯಿತ್ತು. 'ಇನ್ನೊಂದು ಹತ್ತು ನಿಮಿಷ ನೋಡೋಣಪ್ಪ' ಎಂದರು ಓಬಳಪ್ಪನವರು.